ಲಿನಕ್ಸ್ ವೆಬ್ ಸರ್ವರ್: ಡೈರೆಕ್ಟರಿ ಅನುಮತಿ ದೋಷಗಳ ಪತ್ತೆ

ಕೇಳಿದ ಪುಟ ಯಂತ್ರದಲ್ಲಿ ಇದ್ದರೂ ವೆಬ್ ಸರ್ವರ್ ಅದನ್ನು ಕೊಡಲೊಪ್ಪದೆ 403 ಎಂಬ ಸಂಕೇತ ತೋರಿಸಿದರೆ ಮೊದಲು ಅನುಮಾನಿಸಬೇಕಾದದ್ದು ಡೈರೆಕ್ಟರಿ ಅನುಮತಿಯನ್ನು. ಮೈಸೂರಿಗೆ ಇದು ದೂರದ ಸಂಗತಿಯಲ್ಲ. 1969ರಲ್ಲಿ ಇಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ 2016ರಿಂದ ಭಾರತವಾಣಿ ಜಾಲತಾಣದಲ್ಲಿ ನಿಘಂಟುಗಳನ್ನೂ ಪುಸ್ತಕಗಳನ್ನೂ ಒದಗಿಸುತ್ತಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಬರಹಗಳು ವಿಕಿಸೋರ್ಸ್ ಸೇರಿವೆ. ಇಂಥ ಜ್ಞಾನ ಜಾಲಕ್ಕೆ ಬಂದಷ್ಟೂ ಅದನ್ನು ಕಾಯುವ ಸರ್ವರ್‌ಗಳ ಅನುಮತಿ ಸರಿಯಾಗಿರುವುದು ಓದುಗನ ಹಕ್ಕಿನ ಪ್ರಶ್ನೆಯೇ ಆಗುತ್ತದೆ. ಹೀಗಿರುವಾಗ ದೋಷ ಕಂಡೊಡನೆ ಎಲ್ಲರಿಗೂ ಎಲ್ಲ ಅನುಮತಿ ನೀಡುವ 777 ಸಂಖ್ಯೆಯನ್ನು ಎಲ್ಲಕ್ಕೂ ಕೊಟ್ಟುಬಿಡುವ ರೂಢಿ ಅಪಾಯಕರ. ಅನೇಕ ಸಲ ನಿಷ್ಫಲವೂ ಹೌದು.

ಲಿನಕ್ಸ್‌ನಲ್ಲಿ ಒಡೆಯ, ಗುಂಪು, ಇತರರು ಎಂಬ ಮೂವರಿಗೆ ಬೇರೆಬೇರೆ ಅನುಮತಿ ಇರುತ್ತದೆ. ಓದುವುದಕ್ಕೆ 4, ಬರೆಯುವುದಕ್ಕೆ 2, ಚಲಾಯಿಸುವುದಕ್ಕೆ 1. ಮೂರನ್ನೂ ಕೂಡಿದರೆ 7. ಡೈರೆಕ್ಟರಿಯ ವಿಷಯದಲ್ಲಿ ಈ 1 ಎಂದರೆ ಅದರ ಮೂಲಕ ಹಾದುಹೋಗುವ ಅನುಮತಿ. ತಲೆಬಾಗಿಲು ಮುಚ್ಚಿದ್ದರೆ ಒಳಕೋಣೆಯ ಬಾಗಿಲು ತೆರೆದಿಟ್ಟು ಫಲವಿಲ್ಲ. ಉಬುಂಟುವಿನ 21.04 ಆವೃತ್ತಿಯಿಂದ ಹೊಸ ಬಳಕೆದಾರರ ಹೋಮ್ ಡೈರೆಕ್ಟರಿಗೆ 750 ಅನುಮತಿಯೇ ಸಹಜ ನೆಲೆ. ಅಲ್ಲಿ ಅಪಾಚೆ ಸರ್ವರ್ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಆದ್ದರಿಂದ ಹೋಮ್‌ನೊಳಗಿನ ಪುಟಗಳಿಗೆ 777 ಕೊಟ್ಟರೂ ಮೇಲಿನ ಮೆಟ್ಟಿಲಲ್ಲೇ ದಾರಿ ಕಟ್ಟಿರುತ್ತದೆ. ನೇಮ್‌ಐ ಆದೇಶವನ್ನು ಎಲ್ ಆಯ್ಕೆಯೊಂದಿಗೆ ಕೊಟ್ಟರೆ ಬೇರು (ರೂಟ್) ಡೈರೆಕ್ಟರಿಯಿಂದ ಫೈಲಿನವರೆಗಿನ ಪ್ರತಿ ಹಂತದ ಒಡೆತನ, ಅನುಮತಿ ಒಟ್ಟಿಗೆ ಕಾಣುತ್ತವೆ. ತಡೆ ಎಲ್ಲಿದೆ ಎಂದು ಊಹಿಸಬೇಕಾಗುವುದಿಲ್ಲ.

ಅದಕ್ಕೂ ಮೊದಲು ಸರ್ವರ್‌ನ ದೋಷದಾಖಲೆ ಓದಬೇಕು. ಒಂದೇ 403ರ ಹಿಂದೆ ಬೇರೆಬೇರೆ ಕಾರಣಗಳಿರುತ್ತವೆ. ದಾರಿಯಲ್ಲಿ ಹಾದುಹೋಗುವ ಅನುಮತಿ ಇಲ್ಲವೆಂದು ದಾಖಲೆ ಹೇಳಿದರೆ ತೊಂದರೆ ಡೈರೆಕ್ಟರಿಯದು. ಸರ್ವರ್‌ನ ಸಂರಚನೆಯೇ ನಿರಾಕರಿಸಿತೆಂದು ಹೇಳಿದರೆ, ಅಪಾಚೆ 2.4ರಲ್ಲಿ ಆ ಡೈರೆಕ್ಟರಿಗೆ ‘ರಿಕ್ವೈರ್ ಆಲ್ ಗ್ರಾಂಟೆಡ್’ ಎಂಬ ಸಾಲು ಇದೆಯೇ ನೋಡಬೇಕು. ಇಂಡೆಕ್ಸ್ ಫೈಲ್ ಇಲ್ಲದೆ, ಪಟ್ಟಿ ತೋರಿಸುವುದೂ ನಿಷಿದ್ಧವಾಗಿದ್ದರೆ ಆಗಲೂ 403 ಬರುತ್ತದೆ. ಕೊನೆಯ ಎರಡನ್ನೂ ಯಾವ ಅನುಮತಿ ಸಂಖ್ಯೆಯೂ ಸರಿಪಡಿಸದು.

ಪರೀಕ್ಷೆಗಿಟ್ಟ ಸಣ್ಣ ಯಂತ್ರದಲ್ಲಿ 777 ಇದ್ದರೇನು ಎಂಬ ವಾದ ಉಂಟು. ಆದರೆ ಪರೀಕ್ಷೆಯ ಸಂರಚನೆ ಹಾಗೇ ನಿಜವಾದ ಸರ್ವರ್‌ಗೆ ನಕಲಾಗುವುದು ಸಾಮಾನ್ಯ. ಅಲ್ಲಿ ಯಾವುದೋ ಒಂದು ದುರ್ಬಲ ಪ್ರೋಗ್ರಾಂ ಕೈವಶವಾದರೂ ಸಾಕು, ಪುಟಗಳನ್ನು ತಿದ್ದಬಹುದು. ಒಡೆತನವನ್ನೇ ಸರ್ವರ್‌ಗೆ ಬಿಟ್ಟುಕೊಡುವುದರಲ್ಲೂ ಇದೇ ಕೇಡು. ಡೈರೆಕ್ಟರಿಗೆ 755, ಫೈಲಿಗೆ 644 ಸಾಮಾನ್ಯವಾಗಿ ಸಾಕು. ಸರ್ವರ್‌ಗೆ ಬರೆಯುವ ಅನುಮತಿ ಅಪ್‌ಲೋಡ್ ಡೈರೆಕ್ಟರಿಗೆ ಮಾತ್ರ. ಹೋಮ್‌ನಲ್ಲೇ ಪುಟಗಳಿರಬೇಕೆಂದರೆ ಸೆಟ್‌ಎಫ್‌ಎಸಿಎಲ್ ಆದೇಶದಿಂದ ಸರ್ವರ್ ಬಳಕೆದಾರನೊಬ್ಬನಿಗೇ ಹಾದುಹೋಗುವ ಅನುಮತಿ ಕೊಡಬಹುದು.

ರೆಡ್ ಹ್ಯಾಟ್ ಬಳಗದ ವ್ಯವಸ್ಥೆಗಳಲ್ಲಿ ಫೈಲಿನ ಲೇಬಲ್ ನೋಡಿ ಒಳಬಿಡುವ ಎಸ್‌ಇಲಿನಕ್ಸ್ ಇನ್ನೊಂದು ಕಾವಲು. ತೊಡಕೆಂದು ಅದನ್ನು ಪೂರ್ತಿ ಆರಿಸುವವರಿದ್ದಾರೆ. ಆದರೆ ತೊಡಕು ಹೆಚ್ಚಿನ ಸಲ ಸಣ್ಣದು: ಹೋಮ್‌ನಿಂದ ವೆಬ್ ಡೈರೆಕ್ಟರಿಗೆ ಸರಿಸಿದ ಫೈಲ್ ಹಳೆಯ ಲೇಬಲ್ ಹೊತ್ತೇ ಬರುತ್ತದೆ, ನಕಲು ಮಾಡಿದ ಫೈಲಿಗೆ ಸಾಮಾನ್ಯವಾಗಿ ಹೊಸ ಜಾಗದ ಲೇಬಲ್ ಸಿಗುತ್ತದೆ. ಸರಿಸಿದ್ದಕ್ಕೆ ರೀಸ್ಟೋರ್‌ಕಾನ್ ಆದೇಶ ಕೊಟ್ಟರೆ ಲೇಬಲ್ ಸರಿಹೋಗುತ್ತದೆ, ಕಾವಲೂ ಉಳಿಯುತ್ತದೆ.