ಚೀಲ ಹೋದರೂ ತ್ರಾಸು ಹೋಗಲಿಲ್ಲ

ಕಲಬುರಗಿಯಿಂದ ಕಮಲಾಪುರಕ್ಕೆ ಹುಮನಾಬಾದ್ ರಸ್ತೆಯಲ್ಲಿ ಬಸ್ಸಿಗೆ ಸುಮಾರು ಒಂದು ತಾಸಿನ ದಾರಿ. ಆ ದಾರಿಯಲ್ಲಿ ಶಾಲೆಗೆ ಓಡಾಡುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಬೆಳಿಗ್ಗೆ ಒಂದು ಕಪ್ಪು ಚಹಾ ಕುಡಿದರೆ ಆಯಿತು, ಸಂಜೆ ಮನೆ ಸೇರುವವರೆಗೆ ನೀರು ಮುಟ್ಟುತ್ತಿರಲಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ದಾರಿಯಲ್ಲಿ ಜಾಗವಿಲ್ಲ, ಶಾಲೆಯಲ್ಲಿದ್ದ ಒಂದೇ ಪಾಯಖಾನೆಗೆ ಚಿಲಕವಿಲ್ಲ. ತಡೆದುಕೊಳ್ಳುವುದೇ ಮರ್ಯಾದೆ ಎಂದು ನಾವು ಶಿಕ್ಷಕಿಯರೆಲ್ಲ ತಿಳಿದಿದ್ದೆವು.

2018ರಲ್ಲಿ ಒಂದು ದಿನ ಕಪ್ಪುಹಲಗೆ ಒರೆಸುವಾಗ ಸೀಮೆಸುಣ್ಣದ ಧೂಳಿಗೆ ಜೋರಾಗಿ ಸೀನು ಬಂತು. ಸೀರೆ ಒದ್ದೆಯಾಯಿತು. ಹಾಜರಿ ಪುಸ್ತಕ ಹಿಂದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತವಳು, ಮಕ್ಕಳೆಲ್ಲ ಮನೆಗೆ ಹೋಗುವತನಕ ಏಳಲಿಲ್ಲ. ಅಂದು ಸಂಜೆ ಕಮಲಾಪುರದಲ್ಲೇ ಇರುವ ಅಕ್ಕನ ಮನೆಗೆ ಹೋಗಿ ಸೀರೆ ಬದಲಿಸಿದೆ. ಕಾರಣ ಹೇಳಲೇಬೇಕಾಯಿತು.

ಅಕ್ಕ ನಗಲಿಲ್ಲ. "ನನಗೂ ಹಂಗೇ ಆಗ್ತದ ತಂಗಿ. ಚೀಲ ತೆಗಸಿ ಹದಿನೇಳು ವರ್ಷ ಆಯ್ತು, ತ್ರಾಸು ಹೋಗಲಿಲ್ಲ. ಈಗ ಕೆಳಗ ಏನೋ ಗಂಟು ಬಂದಂಗ ಆಗ್ಲಾಕತ್ತದ. ಯಾರ ಮುಂದ ಹೇಳ್ಲಿ?" ಎಂದಳು.

ನಮ್ಮ ಕಡೆ ಗರ್ಭಕೋಶಕ್ಕೆ ಚೀಲ ಎನ್ನುತ್ತಾರೆ. ಅಕ್ಕನ ಚೀಲ ತೆಗೆದದ್ದು 2001ರಲ್ಲಿ. ಆಗ ಅವಳಿಗೆ ಮೂವತ್ತನಾಲ್ಕು. ಕಿಬ್ಬೊಟ್ಟೆ ನೋವು, ಬಿಳಿಮುಟ್ಟು ಎಂದು ಒಂದು ಖಾಸಗಿ ದವಾಖಾನೆಗೆ ಹೋದರೆ, "ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಎಂದರು. ಕೊರಳಿನ ಸರ ಮಾರಿದರು. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದವರು ಭಾವ, ಅದನ್ನು ಓದಿ ಹೇಳಿದವಳು ನಾನು. ಬಿ.ಎ., ಬಿ.ಎಡ್. ಓದಿದ ನನಗೆ, "ತೆಗೆಯದೆ ಬೇರೆ ದಾರಿ ಇಲ್ಲವೇ?" ಎಂಬ ಒಂದು ಪ್ರಶ್ನೆ ಹೊಳೆಯಲಿಲ್ಲ.

ಇದು ನಮ್ಮೊಂದು ಮನೆಯ ಕಥೆಯಲ್ಲವೆಂದು ತಿಳಿದದ್ದು 2015ರಲ್ಲಿ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ, ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಬೇಕಿಲ್ಲದೆ ತೆಗೆದಿದ್ದಾರೆಂದು ಕರ್ನಾಟಕ ಜನಾರೋಗ್ಯ ಚಳುವಳಿಯವರು ಬಯಲಿಗೆಳೆದರು. ಸರ್ಕಾರ ತನಿಖೆ ಮಾಡಿಸಿತು. ಇಂಥ ಶಸ್ತ್ರಕ್ರಿಯೆಗಳ ಲೆಕ್ಕ ಎರಡು ಸಾವಿರ ದಾಟಿತು. ಅವರಲ್ಲಿ ಅನೇಕರಿಗೆ ಇನ್ನೂ ನಲವತ್ತಾಗಿರಲಿಲ್ಲ. ಅಕ್ಕನಿಗೆ ತೋರಿಸಿದ ಕ್ಯಾನ್ಸರಿನ ಅಂಜಿಕೆಯನ್ನೇ ಅವರಿಗೂ ತೋರಿಸಿದ್ದರು. 2017ರ ಫೆಬ್ರವರಿಯಲ್ಲಿ ಆ ಹೆಣ್ಣುಮಕ್ಕಳು ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಬಂದು ನ್ಯಾಯ ಕೇಳಿದರು. ಓದುಬರಹ ಬಾರದವರು ಬೀದಿಯಲ್ಲಿ ನಿಂತು ಹೇಳಿದ್ದನ್ನು ನಾನು ನನ್ನ ಅಕ್ಕನ ಹತ್ತಿರವೂ ಮಾತಾಡಿರಲಿಲ್ಲ.

ಗಂಟಿನ ಮಾತು ಕೇಳಿದ ಮೇಲೆ ಅಕ್ಕನನ್ನು ಕಲಬುರಗಿಯ ಒಬ್ಬ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಇಬ್ಬರನ್ನೂ ಪರೀಕ್ಷಿಸಿ ಅವರು ಒಂದು ಚಿತ್ರ ಬರೆದು ತೋರಿಸಿದರು. ನಮ್ಮ ನಡುವಿನ ಎಲುಬಿನ ಕೆಳಭಾಗದಲ್ಲಿ ಮುಂದಿನಿಂದ ಹಿಂದಿನವರೆಗೆ ಜೋಲಿಯ ಹಾಗೆ ಸ್ನಾಯುಗಳು ಹರಡಿಕೊಂಡಿವೆ. ಮೂತ್ರಕೋಶ, ಗರ್ಭಕೋಶ, ಮಲಾಶಯ ಮೂರಕ್ಕೂ ಅವೇ ಆಸರೆ. ಹೆರಿಗೆಯಲ್ಲಿ ಅವು ಹಿಗ್ಗುತ್ತವೆ. ಮೇಲಿಂದ ಮೇಲೆ ಭಾರ ಎತ್ತುವುದು, ಮಲಬದ್ಧತೆಯಲ್ಲಿ ತಿಣುಕುವುದು, ವರ್ಷಗಟ್ಟಲೆಯ ಕೆಮ್ಮು, ಮುಟ್ಟು ನಿಲ್ಲುವ ವಯಸ್ಸು ಎಲ್ಲ ಸೇರಿ ಜೋಲಿ ಸಡಿಲವಾಗುತ್ತದೆ. ಚೀಲ ತೆಗೆದ ಮಾತ್ರಕ್ಕೆ ಜೋಲಿ ಬಿಗಿಯಾಗುವುದಿಲ್ಲ. ಚೀಲವಿದ್ದ ಜಾಗವೇ ಮುಂದೊಂದು ದಿನ ಕೆಳಗೆ ಜಾರಬಹುದು. ಅಕ್ಕನಿಗೆ ಆಗಿದ್ದದ್ದು ಅದೇ.

ಈ ಜೋಲಿಯನ್ನು ಬಲಪಡಿಸಬಹುದೆಂಬ ತಿಳಿವಳಿಕೆ ಹೊಸದೇನಲ್ಲ. ಹದಿನೈದನೆಯ ಶತಮಾನದ ಹಠಯೋಗ ಪ್ರದೀಪಿಕೆಯಲ್ಲಿ ಸ್ವಾತ್ಮಾರಾಮ ಹೇಳಿದ ಮೂಲಬಂಧದಲ್ಲಿ ಇದೇ ಭಾಗವನ್ನು ಸಂಕುಚಿಸಿ ಮೇಲಕ್ಕೆಳೆಯುವುದಿದೆ. ಆದರೆ ಅದು ಯೋಗಿಗಳ ಸಾಧನೆಗೆ ಹೇಳಿದ್ದು, ಬಾಣಂತಿಯರ ಮನೆಗೆ ಬರಲಿಲ್ಲ. ನಮ್ಮ ಆಯುರ್ವೇದ ಹೆಣ್ಣಿನ ಇಪ್ಪತ್ತು ಯೋನಿರೋಗಗಳನ್ನು ಎಣಿಸಿದೆ. ಪುರಾತನ ಗ್ರೀಸಿನ ವೈದ್ಯರು ಜಾರಿದ ಗರ್ಭಕೋಶಕ್ಕೆ ದಾಳಿಂಬೆಯ ಹೋಳನ್ನು ಆಸರೆಯಾಗಿ ಇಡುತ್ತಿದ್ದರು. ಇಂದಿಗೂ ಶಸ್ತ್ರಕ್ರಿಯೆ ಬೇಡವೆನ್ನುವವರಿಗೆ ವೈದ್ಯರು ಒಳಗಿಡುವ ಸಿಲಿಕೋನ್ ಉಂಗುರ ಅದರ ವಂಶದ್ದೇ.

ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಒಂದು ಲೇಖನ ಬರೆದು, ಹೆರಿಗೆಯ ನಂತರ ಮೂತ್ರ ಸೋರುವವರಿಗೆ ಈ ಸ್ನಾಯುಗಳ ವ್ಯಾಯಾಮವನ್ನು ಹೇಳಿಕೊಟ್ಟ. ಒತ್ತಡ ಅಳೆಯುವ ಒಂದು ಸಣ್ಣ ಉಪಕರಣವನ್ನೂ ಮಾಡಿದ. ತನ್ನ ಬಿಗಿತ ಎಷ್ಟೆಂದು ಹೆಣ್ಣು ತಾನೇ ಮುಳ್ಳಿನಲ್ಲಿ ನೋಡಬಹುದಿತ್ತು. ನನ್ನ ಮಟ್ಟಿಗೆ ಅವನ ದೊಡ್ಡ ಕೆಲಸ ಇದೇ, ಅವಳ ಮೈಯ ಲೆಕ್ಕವನ್ನು ಅವಳ ಕಣ್ಣಿಗೇ ತೋರಿಸಿದ್ದು.

ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ವರದಿ ಪ್ರಕಟಿಸಿದರು. ಶೇಕಡಾ 92ರಷ್ಟು ಜನರಿಗೆ ಒಂದಿಲ್ಲೊಂದು ಸ್ತ್ರೀರೋಗವಿತ್ತು. ಅದಕ್ಕೂ ಮುಂಚೆ ಅಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇಕಡಾ 8 ಮಾತ್ರ. ಬಾಯಿ ಬಿಡದ ರೋಗಕ್ಕೆ ಮದ್ದು ಎಲ್ಲಿಂದ ಬರಬೇಕು? ಕೊನೆಗೆ ಬಾಯಿ ಬಿಟ್ಟಾಗ ಕತ್ತರಿಯೊಂದೇ ಮದ್ದೆಂದು ಹೇಳುವವರು ಸಿಗುತ್ತಾರೆ.

ಕಾಲ ತಡವಾಗಿಯಾದರೂ ಅಲುಗಿದೆ. ಬಿಹಾರ, ಛತ್ತೀಸಗಡ, ರಾಜಸ್ಥಾನದ ಬಡ ಹೆಂಗಸರ ಪರವಾಗಿ ಡಾ. ನರೇಂದ್ರ ಗುಪ್ತಾ ಹೂಡಿದ್ದ ಅರ್ಜಿಯ ಮೇಲೆ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬೇಡದ ಗರ್ಭಕೋಶ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದಿತು. ಇವುಗಳ ಮೇಲೆ ಕಣ್ಣಿಡಲು ಜಿಲ್ಲಾ ಮಟ್ಟದಲ್ಲೂ ಸಮಿತಿ ಇರಬೇಕೆಂದು ಅದರಲ್ಲಿದೆ.

ವೈದ್ಯೆ ನಮಗೆ ಹೇಳಿಕೊಟ್ಟದ್ದು ಇಷ್ಟು: ಗಾಳಿಯನ್ನೂ ಮೂತ್ರವನ್ನೂ ಒಟ್ಟಿಗೆ ತಡೆಯುವಂತೆ ಒಳಗಿನಿಂದ ಬಿಗಿದು ಮೇಲಕ್ಕೆಳೆಯಬೇಕು. ಐದರ ತನಕ ಎಣಿಸಿ, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಹೀಗೆ ಎಂಟು ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕಡಿಮೆಯೆಂದರೂ ಮೂರು ತಿಂಗಳು. ಉಸಿರು ಕಟ್ಟಬಾರದು, ತೊಡೆ ಬಿಗಿಯಬಾರದು, ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬಾರದು. ಹೊರಗೆ ಗಂಟು ಬಂದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ನಾಲ್ಕು ತಿಂಗಳಿಗೆ ನನ್ನ ಸೀನಿನ ಅಂಜಿಕೆ ಹೋಯಿತು. ಅಕ್ಕನಿಗೆ ವ್ಯಾಯಾಮದ ಜೊತೆಗೆ ಉಂಗುರವನ್ನೂ ಇಟ್ಟರು. ಗಂಟಿನ ತ್ರಾಸು ಕಡಿಮೆಯಾಗಿದೆ, ಸೋರುವುದು ಪೂರ್ತಿ ನಿಂತಿಲ್ಲ. ಒಂದು ದಿನ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಅವಳು, "ಇದನ್ನ ಅವತ್ತೇ ಯಾರರ ಹೇಳಿದ್ರ ಚೀಲ ಉಳೀತಿತ್ತೇನ?" ಎಂದು ಕೇಳಿದಳು. ಕಾಗದ ಓದಿ ಹೇಳಿದವಳು ನಾನೇ ಅಲ್ಲವೇ, ಮೊರದ ಕಡೆ ನೋಡುತ್ತ ಕುಳಿತೆ.

ಈಗ ಎಂಟನೇ ತರಗತಿಯ ಹುಡುಗಿಯರಿಗೆ ಶರೀರದ ಪಾಠ ಬಂದಾಗ ಆ ಜೋಲಿಯ ಚಿತ್ರವನ್ನು ನಾನೇ ಹಲಗೆಯ ಮೇಲೆ ಬರೆಯುತ್ತೇನೆ. ಶಾಲೆಯ ಪಾಯಖಾನೆಗೆ ಚಿಲಕ ಹಾಕಿಸಿದ್ದೇವೆ. ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಒಂದು ಲೋಟ ನೀರು ಕುಡಿಯುತ್ತೇನೆ.