ಒಂದೇ ಭಾಷೆಯ ಗಣಕ ಕುಟುಂಬ

ನಿಮ್ಮ ಶಾಲೆಯ ಹಳೆಯ ಗಣಕದ ಜಾಗಕ್ಕೆ ಹೊಸದು ಬಂದಾಗ, ಮೊದಲು ಬಳಸುತ್ತಿದ್ದ ತಂತ್ರಾಂಶ ಸಾಮಾನ್ಯವಾಗಿ ಅದರಲ್ಲಿಯೂ ಕೆಲಸ ಮಾಡುತ್ತದೆ. ಇದು ಸಹಜವೆಂದೇ ನಾವು ತಿಳಿದಿದ್ದೇವೆ. 1960ರ ಸುಮಾರಿಗೆ ಹಾಗಿರಲಿಲ್ಲ. ಅಮೆರಿಕದ ಐಬಿಎಂ ಕಂಪನಿ ವ್ಯಾಪಾರದ ಲೆಕ್ಕಗಳಿಗೆ 1401 ಎಂಬ ಗಣಕವನ್ನೂ ವೈಜ್ಞಾನಿಕ ಗಣನೆಗೆ 7090 ಎಂಬುದನ್ನೂ ಒದಗಿಸುತ್ತಿತ್ತು. ಒಂದರ ಆದೇಶಗಳು ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಕೆಲಸ ಹೆಚ್ಚಾಗಿ ದೊಡ್ಡ ಗಣಕಕ್ಕೆ ಹೋದ ಗ್ರಾಹಕರು ತಮ್ಮ ಕ್ರಮವಿಧಿಗಳನ್ನು ಹೊಸದಾಗಿ ಬರೆಸಬೇಕಾಗುತ್ತಿತ್ತು.

ಏನನ್ನು ತಯಾರಿಸಬೇಕು, ಯಾವುದನ್ನು ಕೈಬಿಡಬೇಕು, ಯಾವುದರ ನಂತರ ಯಾವುದು ಬರಬೇಕು ಎಂದು ನಿರ್ಧರಿಸುವುದು ಇಂದು ಉತ್ಪನ್ನ ನಿರ್ವಹಣೆ ಎಂಬ ವಿದ್ಯೆಯಾಗಿ ಬೆಳೆದಿದೆ. ಅದನ್ನು ತಿಳಿಯಲು ಐಬಿಎಂ 360ರ ಚರಿತ್ರೆಗಿಂತ ಒಳ್ಳೆಯ ಪಾಠ ನನಗಂತೂ ಕಂಡಿಲ್ಲ.

1961ರಲ್ಲಿ ಫ್ರೆಡ್ ಬ್ರೂಕ್ಸ್ ಎಂಬ ತಂತ್ರಜ್ಞರ ತಂಡ 8000 ಎಂಬ ಹೊಸ ಗಣಕ ಸರಣಿಯನ್ನು ರೂಪಿಸುತ್ತಿತ್ತು. ಹೊಸ ಮುಖ್ಯಸ್ಥರಾಗಿ ಬಂದ ಬಾಬ್ ಎವಾನ್ಸ್ ಅದನ್ನು ನಿಲ್ಲಿಸಬೇಕೆಂದರು. ಇರುವ ಗೊಂದಲಕ್ಕೆ ಮತ್ತೊಂದು ಸರಣಿ ಸೇರುವುದು ಬೇಡ ಎಂಬುದು ಅವರ ವಾದ. ಬ್ರೂಕ್ಸ್ ತಿಂಗಳುಗಟ್ಟಲೆ ಹೋರಾಡಿ ಸೋತರು. ಆಮೇಲೆ ನಡೆದದ್ದೇ ವಿಶೇಷ. ಹೊಸ ಗಣಕ ಕುಟುಂಬದ ಹೊಣೆಯನ್ನು ಎವಾನ್ಸ್ ವಹಿಸಿದ್ದು ಇದೇ ಬ್ರೂಕ್ಸ್ ಅವರಿಗೆ! ಎದುರಾಳಿಯ ಸಾಮರ್ಥ್ಯವನ್ನು ಗುರುತಿಸುವುದು ಒಂದು ಗುಣ. ಸೋತ ಮೇಲೆ ಆ ಹೊಣೆಯನ್ನು ಒಪ್ಪಿಕೊಳ್ಳುವುದು ಅದಕ್ಕಿಂತ ಕಷ್ಟದ್ದು ಎನಿಸುತ್ತದೆ.

ಮುಂದಿನ ದಾರಿಯನ್ನು ಗುರುತಿಸಲು ರಚಿಸಿದ 'ಸ್ಪ್ರೆಡ್' ಸಮಿತಿ 1961ರ ಡಿಸೆಂಬರ್ 28ರಂದು ವರದಿ ನೀಡಿತು. ಚಿಕ್ಕದರಿಂದ ದೊಡ್ಡದರವರೆಗೆ ಎಲ್ಲ ಗಣಕಗಳಿಗೂ ಒಂದೇ ಆದೇಶಗಳ ಗುಂಪು ಇರಬೇಕು. ಅದಕ್ಕಾಗಿ ಹಳೆಯ ಗಣಕಗಳೊಂದಿಗಿನ ಹೊಂದಾಣಿಕೆ ತಪ್ಪಿದರೂ ಸರಿ ಎಂದು ಅದು ಶಿಫಾರಸು ಮಾಡಿತು. ಚೆನ್ನಾಗಿ ಮಾರಾಟವಾಗುತ್ತಿದ್ದ ತನ್ನ ಸರಕನ್ನು ಕಂಪನಿ ತಾನೇ ಹಳತಾಗಿಸಬೇಕಿತ್ತು.

ಚಿಕ್ಕ ಗಣಕ ದೊಡ್ಡದರ ಆದೇಶವನ್ನು ಪಾಲಿಸುವುದು ಹೇಗೆ? 360ರ ಮಾದರಿ 30ರಲ್ಲಿ ದತ್ತಾಂಶ ಸಾಗುವ ಹಾದಿಯ ಅಗಲ 8 ಬಿಟ್ ಮಾತ್ರ. 32 ಬಿಟ್‌ಗಳ ಎರಡು ಸಂಖ್ಯೆಗಳನ್ನು ಕೂಡಿಸಲು ಅದು ನಾಲ್ಕು ಸುತ್ತು ಹೋಗಬೇಕು; ದೊಡ್ಡ ಮಾದರಿ ಒಂದೇ ಸಲಕ್ಕೆ ಕೂಡಿಸುತ್ತದೆ. ಆದೇಶ ಒಂದೇ, ಉತ್ತರವೂ ಒಂದೇ, ಬೇರೆಯಾಗುವುದು ಹಿಡಿಯುವ ಕಾಲ. ಆದೇಶವನ್ನು ಇಂಥ ಸುತ್ತುಗಳಾಗಿ ಒಡೆಯುವ ಮೈಕ್ರೋಕೋಡ್ ಅನ್ನು ಗಣಕದೊಳಗೇ ಬರೆದಿಟ್ಟಿರುತ್ತಾರೆ. ಒಂದು ಅಕ್ಷರಕ್ಕೆ 6 ಬಿಟ್ ಸಾಕೆಂಬ ವಾದವೂ ಎದ್ದಿತ್ತು. ನೀವೇ ಲೆಕ್ಕ ಹಾಕಿ: 6 ಬಿಟ್‌ಗಳಿಂದ 64 ಸಂಕೇತಗಳು. ಇಂಗ್ಲಿಷಿನ ದೊಡ್ಡ, ಚಿಕ್ಕ ಅಕ್ಷರಗಳು 52, ಅಂಕಿಗಳು 10. ವಿರಾಮ ಚಿಹ್ನೆಗಳಿಗೆ ಉಳಿಯುವುದು ಎರಡೇ! ಬ್ರೂಕ್ಸ್ 8 ಬಿಟ್ಟುಗಳ ಪಕ್ಷ ವಹಿಸಿದರು. ಇಂದಿನ ಬೈಟಿನ ಅಳತೆ ನೆಲೆಯೂರಿದ್ದು 360ರಿಂದ.

ಯೋಜನೆಗೆ ನಿಜವಾದ ಪರೀಕ್ಷೆ ಬಂದದ್ದು 1963ರ ಡಿಸೆಂಬರಿನಲ್ಲಿ. 1401ರ ಕ್ರಮವಿಧಿಗಳನ್ನು ಸುಲಭವಾಗಿ ತನ್ನತ್ತ ಸೆಳೆದುಕೊಳ್ಳುವ ಗಣಕವೊಂದನ್ನು ಹನಿವೆಲ್ ಕಂಪನಿ ಪ್ರಕಟಿಸಿತು. 1401ನ್ನೇ ಚುರುಕುಗೊಳಿಸಿ ಮಾರೋಣ ಎಂದು ಐಬಿಎಂ ಒಳಗೇ ಒತ್ತಾಯ ಹುಟ್ಟಿತು. ಆಗ ಕೈಹಿಡಿದದ್ದು ಮೈಕ್ರೋಕೋಡ್. ಅದರ ನೆರವಿನಿಂದ ಮಾದರಿ 30 ತಾನೇ 1401ರಂತೆ ನಟಿಸಬಲ್ಲದೆಂದು ತಂತ್ರಜ್ಞರು ತೋರಿಸಿದರು. ಹಾಕಿಕೊಂಡ ಮಾರ್ಗನಕ್ಷೆ ಉಳಿಯಿತು. 1964ರ ಏಪ್ರಿಲ್ 7ರಂದು ಆರು ಮಾದರಿಗಳನ್ನು ಒಟ್ಟಿಗೇ ಪ್ರಕಟಿಸಲಾಯಿತು. ಇಡೀ ಯೋಜನೆಗೆ ತಗುಲಿದ್ದು ಸುಮಾರು 500 ಕೋಟಿ ಡಾಲರ್.

ಎಲ್ಲವೂ ಸುಸೂತ್ರವಾಗಿತ್ತೆಂದು ತಿಳಿಯಬೇಡಿ. ಯಂತ್ರಗಳು ಸಿದ್ಧವಾದರೂ ಅವುಗಳ ಕಾರ್ಯಾಚರಣಾ ತಂತ್ರಾಂಶ ಬಹಳ ತಡವಾಯಿತು. ತಡವಾದ ತಂತ್ರಾಂಶದ ಕೆಲಸಕ್ಕೆ ಜನರನ್ನು ಸೇರಿಸಿದಷ್ಟೂ ಅದು ಇನ್ನಷ್ಟು ತಡವಾಗುತ್ತದೆ ಎಂಬ ಅನುಭವವನ್ನು ಬ್ರೂಕ್ಸ್ 1975ರಲ್ಲಿ ಪುಸ್ತಕವಾಗಿ ಬರೆದರು. ಹೊಸಬರಿಗೆ ಕೆಲಸ ಕಲಿಸಲು ಹಳಬರ ಸಮಯವೇ ಬೇಕು; ಪರಸ್ಪರ ಮಾತುಕತೆಯೂ ಬೆಳೆಯುತ್ತದೆ. 5 ಜನರ ನಡುವೆ 10 ಜೋಡಿಗಳಾದರೆ 10 ಜನರ ನಡುವೆ 45. ತನ್ನ ಮುಂದಾಳುತನದ ತಪ್ಪುಗಳನ್ನು ಇಷ್ಟು ಬಿಚ್ಚಿ ಹೇಳಿದವರು ವಿರಳ.

360ರ ಕಾಲದ ಎಷ್ಟೋ ಕ್ರಮವಿಧಿಗಳನ್ನು ಐಬಿಎಂನ ಇಂದಿನ ದೊಡ್ಡ ಗಣಕಗಳಲ್ಲಿಯೂ ನಡೆಸಬಹುದು. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ಕುಟುಂಬದ ಮಾದರಿ 44 ಇತ್ತು. ವೈಜ್ಞಾನಿಕ ಗಣನೆ ಚುರುಕಾಗಿರಲೆಂದು ಕೆಲವು ಆದೇಶಗಳನ್ನು ಬಿಟ್ಟು ಕಟ್ಟಿದ ಯಂತ್ರ ಅದು. ಒಂದೇ ಭಾಷೆಯ ಮನೆಯಲ್ಲಿ ಕೆಲವು ಮಾತು ಬಾರದ ಸದಸ್ಯ ಎನ್ನಬಹುದೇನೋ.