ಏರ್ ಲಾಕ್ (ಡೀಸೆಲ್ ಎಂಜಿನ್)

ಏರ್ ಲಾಕ್ ಎಂಬುದು ಇಂಧನ ಕೊಳವೆಗಳಲ್ಲಿ ಗಾಳಿ ಸೇರಿ ಎಂಜಿನ್‌ಗೆ ಡೀಸೆಲ್ ಪೂರೈಕೆ ತಡೆಯಲ್ಪಡುವ ದೋಷ. ಟ್ರ್ಯಾಕ್ಟರಿನ ಟ್ಯಾಂಕ್ ಬರಿದಾದಾಗ, ಫಿಲ್ಟರ್ ಬದಲಿಸಿದಾಗ ಅಥವಾ ಕೊಳವೆಯ ಜೋಡಣೆ ಸಡಿಲವಾದಾಗ ಇದು ಉಂಟಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಒತ್ತಡದಿಂದ ಬಿಸಿಯಾದ ಗಾಳಿಯೊಳಗೆ ಇಂಜೆಕ್ಟರ್ ಸಿಂಪಡಿಸುವ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಕೊಳವೆಯಲ್ಲಿನ ಗಾಳಿಯು ಸಂಕುಚಿತಗೊಳ್ಳುವುದರಿಂದ ಇಂಜೆಕ್ಟರ್ ತೆರೆಯಲು ಬೇಕಾದ ಒತ್ತಡ ದೊರೆಯದೆ, ಸ್ಟಾರ್ಟರ್ ತಿರುಗಿದರೂ ಎಂಜಿನ್ ಚಾಲನೆಗೊಳ್ಳುವುದಿಲ್ಲ.

ಪರಿಹಾರ

ಟ್ಯಾಂಕಿಗೆ ಡೀಸೆಲ್ ತುಂಬಿ, ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಗಳಿಲ್ಲದ ಡೀಸೆಲ್ ಹೊರಬರುವವರೆಗೆ ಕೈಪಂಪನ್ನು ಒತ್ತಿ, ಬಳಿಕ ಸ್ಕ್ರೂ ಬಿಗಿಗೊಳಿಸಲಾಗುತ್ತದೆ. ಇಂಜೆಕ್ಷನ್ ಪಂಪಿನಲ್ಲಿಯೂ ಇದೇ ಕ್ರಮವನ್ನು ಅನುಸರಿಸಲಾಗುತ್ತದೆ. ಇಂಜೆಕ್ಟರ್ ಕೊಳವೆಗಳ ಸೋರಿಕೆಯನ್ನು ಬರಿಗೈಯಿಂದ ಪರೀಕ್ಷಿಸುವುದು ಅಪಾಯಕಾರಿ. ಅಧಿಕ ಒತ್ತಡದ ಡೀಸೆಲ್ ಚರ್ಮವನ್ನು ಭೇದಿಸಿ ದೇಹವನ್ನು ಸೇರಬಲ್ಲದು. ಅಂತಹ ಗಾಯ ಚಿಕ್ಕದಾಗಿ ಕಂಡರೂ ತಕ್ಷಣದ ಚಿಕಿತ್ಸೆ ಅಗತ್ಯ.